ಕೊಲಾಬಾದಿಂದ ಕೋಲಾರಕ್ಕೆ: ಭಾರದ ಕಣಗಳ ಬೆನ್ನು ಹತ್ತಿ

ಕೊಲಾಬಾದ ತುದಿಯಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲಿ ಕಣ್ತೆರೆಯಿತೆಂಬುದು ಮುಂಬಯಿ ಕನ್ನಡಿಗರಲ್ಲೂ ಹಲವರಿಗೆ ತಿಳಿಯದು. ಅದೇ ವರ್ಷದ ಕೊನೆಗೆ ಹೋಮಿ ಭಾಭಾ ಅದನ್ನು ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆಗೆ ತಂದರು.

ಪರಮಾಣುವಿನ ಬೀಜದೊಳಗಿನ ಪ್ರಬಲ ಬಲಕ್ಕೆ ಒಳಪಟ್ಟ ಕಣಗಳಿಗೆ ಹ್ಯಾಡ್ರಾನ್ ಎಂದು ಹೆಸರು. ಮೂರು ಕ್ವಾರ್ಕುಗಳು ಕೂಡಿದರೆ ಪ್ರೋಟಾನಿನಂಥ ಬೇರಿಯಾನ್; ಕ್ವಾರ್ಕು, ಪ್ರತಿಕ್ವಾರ್ಕುಗಳ ಜೋಡಿಯಾದರೆ ಮೆಸಾನ್. ಈ ಲೆಕ್ಕಕ್ಕೆ ಹೊಂದದವು ವಿಲಕ್ಷಣ ಹ್ಯಾಡ್ರಾನುಗಳು.

ಕ್ವಾರ್ಕಿನ ಕಲ್ಪನೆಯೇ ಇರದ ಕಾಲದಲ್ಲಿ ಬರ್ನಾರ್ಡ್ ಪೀಟರ್ಸ್ ಮುಂಬಯಿಗೆ ಬಂದರು. ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಶಂಕೆಗೆ ಗುರಿಯಾಗಿದ್ದ ಅವರು ಇಲ್ಲಿ ಯಶ್ ಪಾಲ್, ದೇವೇಂದ್ರ ಲಾಲ್ ಎಂಬ ತರುಣರೊಡನೆ, ಬಲೂನುಗಳಲ್ಲಿ ಮೇಲಕ್ಕೆ ಕಳುಹಿಸಿದ ಛಾಯಾಲೇಪದ ಫಲಕಗಳಲ್ಲಿ ಕೆ-ಮೆಸಾನ್, ಹೈಪೆರಾನುಗಳ ಜಾಡನ್ನು ಅರಸಿದರು. ಪ್ರೋಟಾನಿನ ಅರ್ಧಕ್ಕಿಂತ ತುಸು ಹೆಚ್ಚು ತೂಗುವ ಕೆ-ಮೆಸಾನೇ ಅಂದಿಗೆ ‘ಭಾರ’ದ ಮೆಸಾನು!

ಮುಂದಿನ ಕಥೆ ನಮ್ಮ ನೆಲದ್ದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿಯೇ ಮ್ಯೂವಾನುಗಳನ್ನು ಅಳೆಯಲು ಕೋಲಾರದ ಚಿನ್ನದ ಗಣಿಗೆ ಇಳಿದರು. ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಆಳಕ್ಕೆ ಹೋದಷ್ಟೂ ವಿಶ್ವಕಿರಣಗಳ ಗದ್ದಲ ಕಡಿಮೆ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಒಸಾಕಾ ಸಿಟಿ ಮತ್ತು ಡರಮ್ ವಿಶ್ವವಿದ್ಯಾಲಯಗಳ ಸಹಭಾಗಿತ್ವದಲ್ಲಿ, ವಾಯುಮಂಡಲದ ನ್ಯೂಟ್ರಿನೊ ಪತ್ತೆಯಾಯಿತು. ಅದನ್ನು ಪಠ್ಯಗಳು ನೆನೆಯುತ್ತವೆ.

ಆದರೆ ನನ್ನನ್ನು ಹೆಚ್ಚು ಸೆಳೆಯುವುದು 1975ರ ‘ಕೋಲಾರ ಘಟನೆಗಳು’. ಬಂಡೆಯಾಚೆ ಗಾಳಿಯಲ್ಲಿಯೇ ಒಡೆದಂತೆ ಕಂಡ ಕೆಲವು ಜಾಡುಗಳನ್ನು ನೋಡಿ, ಪ್ರೋಟಾನಿಗಿಂತ ಭಾರವಾದ, ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಬಾಳುವ ಹೊಸ ಕಣವಿರಬಹುದೆಂದು ತಂಡ ಸೂಚಿಸಿತು. ಅದು ಹ್ಯಾಡ್ರಾನೋ ಬೇರೆಯದೋ ಎಂಬುದು ತೀರ್ಮಾನವಾಗಲೇ ಇಲ್ಲ. ಬೇರಾವ ಪ್ರಯೋಗವೂ ಅದನ್ನು ದೃಢಪಡಿಸಲಿಲ್ಲ. ಇದನ್ನು ಸೋಲೆಂದು ಬದಿಗಿಡುವುದು ಸುಲಭ. ಕಂಡದ್ದನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಧೈರ್ಯಕ್ಕೆ ನಾನು ಬೇರೆಯೇ ಬೆಲೆ ಕಟ್ಟುತ್ತೇನೆ.

ಕೊಲಾಬಾದಲ್ಲಿ ಬೇಟೆ ನಿಂತಿಲ್ಲ. 2003ರಲ್ಲಿ ಎಕ್ಸ್(3872) ಎಂಬ ವಿಲಕ್ಷಣ ಕಣವನ್ನು ಕಂಡ ಜಪಾನಿನ ಬೆಲ್ ಪ್ರಯೋಗದಲ್ಲಿ ಸಂಸ್ಥೆಯೂ ಭಾಗಿ. 2017ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಐದು ಹೊಸ ಒಮೆಗಾ-ಸಿ ಬೇರಿಯಾನುಗಳನ್ನು ಪ್ರಕಟಿಸಿದಾಗ, ಅವುಗಳ ಗುಣಸಂಖ್ಯೆಗಳನ್ನು ಗಣಕದ ಲೆಕ್ಕಾಚಾರದಿಂದ ಗುರುತಿಸಿದವರು ಇಲ್ಲಿಯ ನೀಲಮಣಿ ಮಾಥುರ್ ಮತ್ತು ಅವರ ಸಹಸಂಶೋಧಕ ಪದ್ಮನಾಥ್.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಆ ಜಾಡುಗಳು ಮೂಡಿದ ಸುರಂಗಗಳಲ್ಲಿ ಈಗ ನೀರು ತುಂಬಿದೆ.