ಮತ್ತೆ ಮತ್ತೆ ಮುರಿದ ಪಾದ: ಬಿಲ್ ವಾಲ್ಟನ್ ಬದುಕಿನಿಂದ ನಾವು ಕಲಿತದ್ದು



ಕಳೆದ ವರ್ಷ ನಮ್ಮ ಚರ್ಚ್ ಹಬ್ಬದ ವಾಲಿಬಾಲ್ ಪಂದ್ಯ ನಿಮಗೆ ನೆನಪಿರಬಹುದು. ಸೆಮಿಫೈನಲ್‌ನಲ್ಲೇ ನಮ್ಮ ತಂಡದ ಒಬ್ಬ ತಮ್ಮನ ಕಾಲು ಉಳುಕಿ ಊದಿಕೊಂಡಿತ್ತು. ನಾವು ಮಾಡಿದ್ದೇನು? ನೋವಿನ ಸ್ಪ್ರೇ ಹೊಡೆದು, ಬ್ಯಾಂಡೇಜ್ ಬಿಗಿದು, "ಇನ್ನೊಂದೇ ಮ್ಯಾಚ್ ಕಣೋ" ಎಂದು ಹುರಿದುಂಬಿಸಿ ಫೈನಲ್‌ಗೆ ಇಳಿಸಿದೆವು. ಕಪ್ ಬಂತು, ಫೋಟೊ ತೆಗೆಸಿಕೊಂಡೆವು. ಆ ತಮ್ಮ ಮಾತ್ರ ಮೂರು ತಿಂಗಳು ಕುಂಟಿದ. ಈ ವರ್ಷ ಅದೇ ಕಾಲು ಮತ್ತೆ ಉಳುಕಿತು. ಅವನನ್ನು ನೋಡಿದಾಗಲೆಲ್ಲ ನಮಗೆ ಅಮೆರಿಕದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಕಥೆ ನೆನಪಾಗುತ್ತದೆ. ಅದನ್ನೇ ಇಂದು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇವೆ.

ಮೊದಲು ಆ ಆಟದ ಹುಟ್ಟಿನ ಬಗ್ಗೆ ಎರಡು ಮಾತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಕ್ರೈಸ್ತ ಯುವಕರ ಸಂಸ್ಥೆಯಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದನ್ನು ರೂಪಿಸಿದರು. ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರಕ್ಕೆ ಕಟ್ಟಿಸಿ 13 ನಿಯಮ ಬರೆದರು. ಚೆಂಡು ಹಿಡಿದು ಓಡಬಾರದು. ಎದುರಾಳಿಯನ್ನು ತಳ್ಳಬಾರದು, ಹಿಡಿಯಬಾರದು, ಕಾಲು ಕೊಟ್ಟು ಬೀಳಿಸಬಾರದು. ಗುರಿಯನ್ನು ತಲೆಯ ಮೇಲೆ ಇಟ್ಟದ್ದೂ ಚೆಂಡನ್ನು ಬಲವಾಗಿ ಬೀಸಿ ಎಸೆಯದೆ ಮೆಲ್ಲಗೆ ಎತ್ತಿ ಹಾಕಲಿ ಎಂದೇ. ಅಂದರೆ ಹುಡುಗರಿಗೆ ಪೆಟ್ಟಾಗಬಾರದು ಎಂಬ ಕಾಳಜಿ ಆಟದ ಮೂಲದಲ್ಲೇ ಇತ್ತು. ನೈಸ್ಮಿತ್ ಮುಂದೆ ವೈದ್ಯರೂ ಆದರು, ಪ್ರೆಸ್ಬಿಟೇರಿಯನ್ ಸಭೆಯ ಬೋಧಕರೂ ಆದರು. ನಮ್ಮ ದೇಶದ ಚೆನ್ನೈನಲ್ಲೂ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು 1920ರಿಂದ ಇದೆ.

ಆದರೆ ಆಟ ವೃತ್ತಿಯಾದ ಮೇಲೆ ಲೆಕ್ಕ ಬದಲಾಯಿತು. ಅಮೆರಿಕದ ಎನ್.ಬಿ.ಎ. ಲೀಗ್‌ನಲ್ಲಿ ಒಂದು ತಂಡ ಒಂದು ಸೀಸನ್‌ಗೆ 82 ಪಂದ್ಯ ಆಡಬೇಕು, ಪ್ಲೇಆಫ್ ಬೇರೆ. ಪ್ರತಿ ಪಂದ್ಯದಲ್ಲೂ ನೆಗೆದು ಗಟ್ಟಿ ನೆಲದ ಮೇಲೆ ಇಳಿಯಬೇಕು. ಹಾಗೆ ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ಈ ಲೆಕ್ಕಕ್ಕೆ ಸಿಕ್ಕಿಕೊಂಡವರು ಬಿಲ್ ವಾಲ್ಟನ್.

1952ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ವಾಲ್ಟನ್ 6 ಅಡಿ 11 ಅಂಗುಲದ ಹುಡುಗ. ಲಾಸ್ ಏಂಜಲಿಸ್‌ನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದಲ್ಲಿ ಅವರಿಗೆ ಕೋಚ್ ಆಗಿದ್ದವರು ಜಾನ್ ವುಡನ್. ವುಡನ್ ದೃಢ ವಿಶ್ವಾಸದ ಕ್ರೈಸ್ತರು. ಆ ತಂಡ ಸತತ 88 ಪಂದ್ಯ ಗೆದ್ದು ದಾಖಲೆ ಬರೆಯಿತು. 1973ರ ರಾಷ್ಟ್ರೀಯ ಫೈನಲ್‌ನಲ್ಲಿ ವಾಲ್ಟನ್ ಎಸೆದ 22 ಚೆಂಡುಗಳಲ್ಲಿ 21 ಬುಟ್ಟಿಗೆ ಬಿದ್ದವು. ಆ ದಿನ ಒಬ್ಬರೇ 44 ಅಂಕ ಗಳಿಸಿದರು. ಹದಿಹರೆಯದಲ್ಲೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದ್ದರೂ ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

1974ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಅವರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಮೊದಲ ಸೀಸನ್‌ನಲ್ಲಿ ಆಡಿದ್ದು 35 ಪಂದ್ಯ, ಎರಡನೆಯದರಲ್ಲಿ 51. ಮೂಗು, ಮಣಿಕಟ್ಟು, ಪಾದ, ಕಾಲು ಒಂದಾದ ಮೇಲೊಂದರಂತೆ ಮುರಿದವು. ಮೂರನೆಯ ಸೀಸನ್‌ನಲ್ಲಿ ದೇಹ ಸ್ವಲ್ಪ ಸಹಕರಿಸಿ 65 ಪಂದ್ಯ ಆಡಿದರು. ಅಷ್ಟೇ ಸಾಕಾಯಿತು. 1977ರ ಫೈನಲ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಮೊದಲೆರಡು ಪಂದ್ಯ ಸೋತ ಪೋರ್ಟ್‌ಲ್ಯಾಂಡ್ ಮುಂದಿನ ನಾಲ್ಕನ್ನೂ ಗೆದ್ದಿತು. ಆ ಊರಿನ ತಂಡಕ್ಕೆ ಇಂದಿಗೂ ಅದೊಂದೇ ಕಿರೀಟ.

ಮರು ವರ್ಷ ತಂಡ ಮೊದಲ 60 ಪಂದ್ಯಗಳಲ್ಲಿ 50 ಗೆದ್ದು ಓಡುತ್ತಿದ್ದಾಗ ವಾಲ್ಟನ್‌ರ ಪಾದ ಕೈಕೊಟ್ಟಿತು. ಅವರಿಲ್ಲದೆ ಉಳಿದ 22 ಪಂದ್ಯಗಳಲ್ಲಿ ತಂಡ ಗೆದ್ದಿದ್ದು ಎಂಟು ಮಾತ್ರ. ಆ ಸೀಸನ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಸಿಕ್ಕಿತು. ಆದರೆ ಊರಿಗೆಲ್ಲ ಬೇಕಾಗಿದ್ದದ್ದು ಅವರು ಪ್ಲೇಆಫ್‌ಗೆ ಮರಳುವುದು. 1978ರ ಏಪ್ರಿಲ್‌ನಲ್ಲಿ, ಸಿಯಾಟಲ್ ವಿರುದ್ಧದ ಎರಡನೆಯ ಪಂದ್ಯಕ್ಕೆ ಮುನ್ನ, ನೋವು ತಿಳಿಯದಂತೆ ಪಾದಕ್ಕೆ ಇಂಜೆಕ್ಷನ್ ಕೊಡಲಾಯಿತು. ಅವರು ಆಡಿದರು. ಪಂದ್ಯದ ನಂತರ ಎಕ್ಸ್-ರೇ ತೆಗೆದಾಗ ಎಡಪಾದದ ಮೂಳೆ ಮುರಿದಿರುವುದು ಗೊತ್ತಾಯಿತು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಪಾದದ ನಡುಭಾಗದಲ್ಲಿ ದೋಣಿಯ ಆಕಾರದ ಒಂದು ಸಣ್ಣ ಮೂಳೆ ಇದೆ. ಅದಕ್ಕೆ ನ್ಯಾವಿಕ್ಯುಲರ್ ಎಂದು ಹೆಸರು. ಅದರ ನಡುವಿನ ಭಾಗಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಬಿರುಕು ಬಿಟ್ಟರೆ ಕೂಡಿಕೊಳ್ಳುವುದು ನಿಧಾನ. ವಾಲ್ಟನ್‌ರಿಗೆ ಮುರಿದದ್ದು ಅದೇ ಮೂಳೆ. ನಮ್ಮ ಮೂಳೆಗಳಲ್ಲಿ ಭಾರ ಬಿದ್ದಾಗಲೆಲ್ಲ ಕಣ್ಣಿಗೆ ಕಾಣದಂಥ ಬಿರುಕುಗಳು ಆಗುತ್ತಿರುತ್ತವೆ. ವಿಶ್ರಾಂತಿ ಸಿಕ್ಕರೆ ದೇಹ ತಾನೇ ಅವನ್ನು ಸರಿಪಡಿಸುತ್ತದೆ. ಸಿಗದಿದ್ದರೆ ಬಿರುಕು ಬೆಳೆದು ಒಂದು ದಿನ ಮೂಳೆಯೇ ಮುರಿಯುತ್ತದೆ. ನೋವು ಎಂದರೆ "ನಿಲ್ಲು" ಎಂದು ದೇಹ ಹೇಳುವ ಮಾತು. ಇಂಜೆಕ್ಷನ್ ಆ ಮಾತನ್ನು ನಿಲ್ಲಿಸುತ್ತದೆಯೇ ಹೊರತು ಬಿರುಕನ್ನಲ್ಲ. ಮೇಲಾಗಿ ಒಂದು ಕಾಲು ನೋಯುತ್ತಿದ್ದರೆ ನಾವು ಇನ್ನೊಂದರ ಮೇಲೆ ಭಾರ ಹಾಕುತ್ತೇವೆ, ನಡಿಗೆಯೇ ಬದಲಾಗುತ್ತದೆ. ಒಂದು ಗಾಯ ಇನ್ನೊಂದಕ್ಕೆ ದಾರಿ ಮಾಡುವುದು ಹೀಗೆ.

ತನಗೂ ಜೊತೆ ಆಟಗಾರರಿಗೂ ಸರಿಯಾದ ಚಿಕಿತ್ಸೆ ಸಿಗಲಿಲ್ಲ ಎಂದು ಆರೋಪಿಸಿ ವಾಲ್ಟನ್ 1978-79ರ ಸೀಸನ್ ಪೂರ್ತಿ ಹೊರಗುಳಿದರು. ಆಮೇಲೆ ತವರೂರಾದ ಸ್ಯಾನ್ ಡಿಯಾಗೊದ ಕ್ಲಿಪ್ಪರ್ಸ್ ತಂಡ ಸೇರಿದರು. ಅಲ್ಲಿ ಮೊದಲ ಸೀಸನ್‌ನಲ್ಲಿ ಆಡಿದ್ದು 14 ಪಂದ್ಯ. ಮುಂದಿನ ಎರಡು ಸೀಸನ್‌ಗಳಲ್ಲಿ ಒಂದೂ ಇಲ್ಲ. 26ರಿಂದ 29ರ ವಯಸ್ಸು ಆಟಗಾರನ ಬದುಕಿನ ಸುಗ್ಗಿಕಾಲ. ಅದು ಅವರ ಪಾಲಿಗೆ ಆಸ್ಪತ್ರೆಯಲ್ಲೂ ಊರುಗೋಲಿನಲ್ಲೂ ಕಳೆಯಿತು. ನಂತರ ಮೆಲ್ಲಗೆ ಮರಳಿದರು: 33 ಪಂದ್ಯ, 55, 67.

ನಮಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು ಮುಂದಿನ ಭಾಗ. 1985ರಲ್ಲಿ ವಾಲ್ಟನ್ ಬೋಸ್ಟನ್ ಸೆಲ್ಟಿಕ್ಸ್ ಸೇರಿದರು. ಲ್ಯಾರಿ ಬರ್ಡ್, ಕೆವಿನ್ ಮೆಕ್‌ಹೇಲ್, ರಾಬರ್ಟ್ ಪ್ಯಾರಿಷ್ ಇದ್ದ ಆ ತಂಡದಲ್ಲಿ ಮೊದಲ ಐವರಲ್ಲಿ ಅವರಿಗೆ ಜಾಗವಿರಲಿಲ್ಲ. ಒಂದು ಕಾಲದ ದೇಶದ ಶ್ರೇಷ್ಠ ಆಟಗಾರ ಈಗ ಬೆಂಚಿನ ಮೇಲೆ ಕುಳಿತು, ಬೇರೆಯವರು ದಣಿದಾಗ ಎದ್ದು ಹೋಗಿ ಆಡಬೇಕು. ಅವರು ಒಪ್ಪಿಕೊಂಡರು. ಕಡಿಮೆ ಹೊತ್ತು ಆಡಿದ್ದರಿಂದ ದೇಹವೂ ತಡೆದುಕೊಂಡಿತು. ಆ ಸೀಸನ್‌ನಲ್ಲಿ ಅವರು ಆಡಿದ್ದು 80 ಪಂದ್ಯ. ಅವರ ಇಡೀ ವೃತ್ತಿಜೀವನದಲ್ಲೇ ಅತಿ ಹೆಚ್ಚು. 1986ರಲ್ಲಿ ತಂಡ ಕಿರೀಟ ಗೆದ್ದಿತು. ಬೆಂಚಿನಿಂದ ಬಂದು ಆಡುವವರಲ್ಲಿ ಶ್ರೇಷ್ಠ ಎಂಬ 'ಆರನೆಯ ಆಟಗಾರ' ಪ್ರಶಸ್ತಿ ವಾಲ್ಟನ್‌ರಿಗೆ ಬಂತು.

ಮರು ಸೀಸನ್‌ನಲ್ಲಿ ಗಾಯ ಮತ್ತೆ ಬಂತು. 10 ಪಂದ್ಯದ ನಂತರ ಲೀಗ್ ಆಟ ಅಲ್ಲಿಗೆ ಮುಗಿಯಿತು. ಒಟ್ಟು 14 ಸೀಸನ್, 468 ಪಂದ್ಯ. ತಂಡಗಳು ಆಡಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ. 1993ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು. ಅಷ್ಟರಲ್ಲಿ ಕಾಲಿನ ಕೀಲುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯೂ ಆಗಿತ್ತು. ಬಾಲ್ಯದಿಂದ ತೊದಲುತ್ತಿದ್ದ ಅವರು 28ರ ವಯಸ್ಸಿನಲ್ಲಿ ಅದನ್ನು ಗೆಲ್ಲಲು ಕಲಿತು, ಮುಂದೆ ಟಿ.ವಿ. ಕಾಮೆಂಟರಿಯಲ್ಲಿ ಮನೆಮಾತಾದರು. ನಂತರ ಬೆನ್ನುಮೂಳೆ ಕುಸಿದು ನೆಲದ ಮೇಲೆಯೇ ಮಲಗಿ ದಿನ ಕಳೆದ ಕಾಲವೂ ಇತ್ತು. ನೋವಿನಲ್ಲಿ ಬದುಕನ್ನೇ ಮುಗಿಸಿಕೊಳ್ಳುವ ಯೋಚನೆ ಬಂದಿತ್ತೆಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಬೆನ್ನಿನ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಎದ್ದು ನಿಂತರು. 2024ರ ಮೇ 27ರಂದು, 71ರ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಇದು ಅವರೊಬ್ಬರ ಕಥೆಯಲ್ಲ. ಗ್ರಾಂಟ್ ಹಿಲ್ 2000ದಲ್ಲಿ ಕಾಲು ಮುರಿದುಕೊಂಡು ಮುಂದಿನ ನಾಲ್ಕು ಸೀಸನ್‌ಗಳಲ್ಲಿ ಒಟ್ಟು 47 ಪಂದ್ಯ ಮಾತ್ರ ಆಡಿದರು. ಆದರೂ ತಮ್ಮ ಆಟದ ರೀತಿ ಬದಲಿಸಿಕೊಂಡು 40ರ ವಯಸ್ಸಿನವರೆಗೆ ಆಡಿದರು. 22ಕ್ಕೇ ಲೀಗ್‌ನ ಶ್ರೇಷ್ಠ ಆಟಗಾರನಾದ ಡೆರಿಕ್ ರೋಸ್ 2012ರಲ್ಲಿ ಮೊಣಕಾಲು ಕೈಕೊಟ್ಟ ಮೇಲೆ ಹಳೆಯ ಎತ್ತರಕ್ಕೆ ಮರಳಲಿಲ್ಲ. ಆದರೆ 2024ರವರೆಗೂ ಅಂಗಳ ಬಿಡಲಿಲ್ಲ. ಮರುಕಳಿಸುವ ಗಾಯ ಒಂದೇ ಏಟಿಗೆ ಆಟ ಮುಗಿಸುವುದಿಲ್ಲ. ಆಟಗಾರ ಪ್ರತಿ ಸಲ ಹಿಂದಿನದಕ್ಕಿಂತ ಚಿಕ್ಕ ಜಾಗದಿಂದ ಮತ್ತೆ ಶುರು ಮಾಡಬೇಕಾಗುತ್ತದೆ. ಅದನ್ನು ಒಪ್ಪಿಕೊಳ್ಳಲು ವಿನಯ ಬೇಕು.

ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತಮ್ಮ ಶರೀರಕ್ಕೆ ನಾಟಿದ ಮುಳ್ಳಿನ ಬಗ್ಗೆ ಹೇಳುತ್ತಾರೆ. ಅದನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿದರೂ ಮುಳ್ಳು ಹೋಗಲಿಲ್ಲ. ಅದರೊಂದಿಗೇ ನಡೆಯುವ ಕೃಪೆ ಸಿಕ್ಕಿತು. ಆದರೆ ಇದನ್ನು ನಾವು ತಪ್ಪಾಗಿ ಓದಬಾರದು. ಬಂದ ನೋವನ್ನು ತಾಳಿಕೊಳ್ಳುವುದು ಬೇರೆ, ಕಪ್ಪಿಗಾಗಿ ಇನ್ನೊಬ್ಬನ ನೋವನ್ನು ಮುಚ್ಚಿ ಆಡಿಸುವುದು ಬೇರೆ. ಮೊದಲನೆಯದು ವಿಶ್ವಾಸ. ಎರಡನೆಯದನ್ನು ಕಳೆದ ವರ್ಷ ನಾವು ಮಾಡಿದೆವು. ಆ ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ. ಅವನು ನಕ್ಕು, "ಬಿಡಿ ಅಣ್ಣ, ನನಗೂ ಆಡಬೇಕಂತಲೇ ಇತ್ತು" ಅಂದ. ವಾಲ್ಟನ್‌ರಿಗೂ ಅಂದು ಆಡಬೇಕೆಂದೇ ಇದ್ದಿರಬೇಕು. ಆಡುವವನಿಗೆ ಆ ಹೊತ್ತಿನಲ್ಲಿ "ಬೇಡ" ಎನ್ನಲು ಆಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ನಿಂತವರು ಹೇಳಬೇಕು.

ಈ ವರ್ಷದ ಹಬ್ಬದ ಪಂದ್ಯಕ್ಕೆ ನಮ್ಮ ಯುವಕೂಟ ಒಂದು ನಿಯಮ ಮಾಡಿಕೊಂಡಿದೆ. ಪೆಟ್ಟಾದವರು ಆಡಬೇಕೋ ಬೇಡವೋ ಎಂದು ಆಟಗಾರರಾಗಲಿ ಕ್ಯಾಪ್ಟನ್ ಆಗಲಿ ತೀರ್ಮಾನಿಸುವಂತಿಲ್ಲ. ನಮ್ಮ ಧರ್ಮಕೇಂದ್ರದ ನರ್ಸ್ ಅಕ್ಕ ನೋಡಿ ಹೇಳುತ್ತಾರೆ. ಅವರ ಮಾತೇ ಕೊನೆ. ಸೋತರೆ ಸೋಲೋಣ. ಆ ತಮ್ಮ ಈ ಸಲ ಸ್ಕೋರ್ ಬರೆಯಲು ಕೂರುತ್ತಾನೆ. ಕಾಲು ಪೂರ್ತಿ ವಾಸಿಯಾದ ಮೇಲೆ ಅವನ ಜಾಗ ಅವನಿಗೇ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.