ಸೊಪ್ಪೂ ಕೋಳಿಗೊಬ್ಬರವೂ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವಾಗ ಅಡಕೆಯ ತೋಟದ ಮಗ್ಗುಲಲ್ಲಿ ಕೋಳಿಗೊಬ್ಬರದ ರಾಶಿಯಿದ್ದರೆ ಅದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಪಟ್ಟಣವಾಸಿಗಳಾದ ನಾವು ಮುಖ ತಿರುಗಿಸಿಬಿಡುತ್ತೇವೆ. ಆದರೆ ಆ ನಾತದೊಡನೆ ಗಾಳಿಗೆ ಹಾರಿಹೋಗುತ್ತಿರುವುದು ಬೆಳೆಯ ಆಹಾರವೇ. ಅದನ್ನು ಹಿಡಿದು ನಿಲ್ಲಿಸುವ ವಿದ್ಯೆಯು ಈ ಸೀಮೆಗೆ ಹೊಸದಲ್ಲ.

ಗೊಬ್ಬರವನ್ನು ಹಸಿಯಾಗಿ ಕೊಡಬಾರದೆಂಬ ತಿಳಿವಳಿಕೆಯು ಬಹು ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕುರಿ ಆಡುಗಳ ಹಿಕ್ಕೆಯನ್ನು ಎಳ್ಳು ಮೊದಲಾದುವುಗಳೊಡನೆ ನೀರಿನಲ್ಲಿ ಏಳು ರಾತ್ರಿ ಕಳಿಯಿಸಿ ಗಿಡಕ್ಕೆ ಎರೆಯಬೇಕೆಂದು ವಿಧಿಸಿರುವನು. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರವು ಸುಮಾರು 1025ರಲ್ಲಿಯೇ ವೃಕ್ಷಾಯುರ್ವೇದವನ್ನು ಒಳಗೊಂಡಿತು. ಗ್ರಂಥಗಳ ಮಾತು ಹಾಗಿರಲಿ. ಮಲೆನಾಡಿನ ಒಕ್ಕಲಿಗನು ಇವನ್ನೋದಿ ಗೊಬ್ಬರ ಮಾಡಿದವನಲ್ಲ.

ಅವನ ಪಾಠಶಾಲೆಯು ಕೊಟ್ಟಿಗೆ. ಬೆಟ್ಟದಿಂದ ಸೊಪ್ಪನ್ನೂ ತರಗೆಲೆಯನ್ನೂ ಹೊತ್ತು ತಂದು ದನಗಳ ಕಾಲಡಿಗೆ ಹಾಸುವುದು. ಅದು ಸಗಣಿ ಗಂಜಲಗಳಲ್ಲಿ ನೆನೆದು ತುಳಿತಕ್ಕೆ ಸಿಕ್ಕಿದ ಮೇಲೆ ಬಾಚಿ ಗುಂಡಿಯಲ್ಲಿ ಕಳಿಯಬಿಡುವುದು. 1801ರಲ್ಲಿ ಇಕ್ಕೇರಿಯ ಕಡೆ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಅಡಕೆಯ ತೋಟಗಳ ಸಾಗುವಳಿಯನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ತೋಟಗಾರನಿಗೆ ಸೊಪ್ಪಿನ ಬೆಟ್ಟದ ಮೇಲಿರುವ ಹಕ್ಕು ಮುಂದೆ ಅರಣ್ಯದ ಕಾನೂನಿನಲ್ಲಿಯೂ ನೆಲೆನಿಂತಿತು. ಆಲ್ಬರ್ಟ್ ಹೋವರ್ಡನು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಮೂರು ಪಾಲು ಸಸ್ಯಕ್ಕೆ ಒಂದು ಪಾಲು ಸಗಣಿಯನ್ನು ಬೆರಸಿ ಕಳಿಯಿಸುವ ಕ್ರಮವನ್ನು ಲೋಕಕ್ಕೆ ಸಾರಿದನು. ಹೆಸರು ಇಂದೋರಿನದಾಯಿತು, ಅದರಲ್ಲಿ ನಮಗೆ ಅಸೂಯೆಯಿಲ್ಲ.

ಬಳಿಕ ಕಾಲ ಬದಲಾಯಿತು. ಭದ್ರಾವತಿಯಲ್ಲಿ 1923ರಲ್ಲಿ ಹೊತ್ತಿದ ಕಬ್ಬಿಣದ ಕುಲುಮೆಗೆ ಇದ್ದಿಲನ್ನು ಒದಗಿಸಿದುದೂ ಈ ಮಲೆಯ ಕಾಡೇ. ಕೊಟ್ಟಿಗೆಯಲ್ಲಿ ದನ ಕಡಮೆಯಾದಲ್ಲೆಲ್ಲ ಈಗ ಕೋಳಿಗೊಬ್ಬರವನ್ನು ಕೊಂಡು ತರುವರು. ಇದು ಬಲು ತೀಕ್ಷ್ಣವಾದುದು. ದನದ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕವಿದ್ದರೆ ಇದರಲ್ಲಿ ಸುಮಾರು 3 ಪಾಲು. ಕೋಳಿಯು ಬೇರೆಯಾಗಿ ಮೂತ್ರ ವಿಸರ್ಜಿಸುವುದಿಲ್ಲ. ಆ ಸತ್ತ್ವವು ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿಯೇ ಇಳಿದು, ಬೇಗನೆ ಅಮೋನಿಯವಾಗುತ್ತದೆ. ಹಸಿಯಾಗಿ ಸುರಿದರೆ ಬೇರು ಸುಡುವುದು. ನಾವೇ ಒಮ್ಮೆ ಹಿತ್ತಿಲ ಬದನೆಯ ಸಾಲಿಗೆ ಎರಡು ಬುಟ್ಟಿ ಸುರಿದು, ವಾರದೊಳಗೆ ಸಾಲನ್ನೇ ಕಳೆದುಕೊಂಡೆವು. ಕಾಲೇಜಿನ ಪಾಂಡಿತ್ಯವು ಆಗ ನೆರವಿಗೆ ಬರಲಿಲ್ಲ.

ಬೇಕಾದುದು ಕೊಟ್ಟಿಗೆಯ ಹಳೆಯ ಸೂತ್ರವೇ, ಅಂದರೆ ಹಿಕ್ಕೆಗೆ ಎಲೆಯ ಜೊತೆ. ತರಗು, ಭತ್ತದ ಹೊಟ್ಟು, ಅಡಕೆಯ ಸಿಪ್ಪೆ, ಇವುಗಳೊಡನೆ ಕೋಳಿಗೊಬ್ಬರವನ್ನು ಪದರಪದರವಾಗಿ ಹರಡಿ, ಹಿಂಡಿದರೆ ಅಂಗೈ ಒದ್ದೆಯಾಗುವಷ್ಟು ಮಾತ್ರ ನೀರು ಚಿಮುಕಿಸಬೇಕು. ಎಲೆಯ ಇಂಗಾಲವನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಹಾರಿಹೋಗಲಿದ್ದ ಸಾರಜನಕವನ್ನು ತಮ್ಮ ಮೈಯಲ್ಲಿ ಹಿಡಿದಿಟ್ಟುಕೊಳ್ಳುವುವು. ಕೆಲವೇ ದಿನಗಳಲ್ಲಿ ರಾಶಿಯು 55ರಿಂದ 65 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ರೋಗಾಣುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುವುವು. ಹೊರಗಿನದು ಒಳಗಾಗುವಂತೆ ಆಗಾಗ ಮಗುಚುತ್ತಿರಬೇಕು. ಕಾವು ಆರಿ, ನಾತ ಅಡಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರಲು ಎರಡು ಮೂರು ತಿಂಗಳು ಹಿಡಿಯಬಹುದು. ಮಲೆನಾಡಿನ ಆಷಾಢದಲ್ಲಿ ರಾಶಿಗೊಂದು ಮಾಡು ಕಟ್ಟದಿದ್ದರೆ, ಅಷ್ಟೂ ಸತ್ತ್ವವು ಕೊಚ್ಚಿಕೊಂಡು ಹೋಗಿ ತುಂಗೆಯನ್ನೋ ಭದ್ರೆಯನ್ನೋ ಸೇರುವುದು.