ಬೇಲಿಯೇ ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಕಾವಲು ಕಾಯಬೇಕಾದವರ ದ್ರೋಹವನ್ನು ಕುರಿತು. ವೈದ್ಯಶಾಸ್ತ್ರದಲ್ಲಿ ಆ ಗಾದೆಯ ಅರ್ಥವನ್ನೇ ತಾಳಿರುವ ರೋಗಗಳ ಒಂದು ದೊಡ್ಡ ಕುಟುಂಬವಿದೆ. ಹೊರಗಿನಿಂದ ಬರುವ ರೋಗಾಣುಗಳನ್ನು ತಡೆಯಬೇಕಾದ ರೋಗನಿರೋಧಕ ವ್ಯವಸ್ಥೆಯು ತಾನು ಕಾಯಬೇಕಾದ ದೇಹದ ಮೇಲೆಯೇ ತಿರುಗಿಬೀಳುವುದು ಈ ರೋಗಗಳ ಲಕ್ಷಣ. ಬೆರಳಿನ ಗೆಣ್ಣುಗಳನ್ನು ಸೊಟ್ಟಗಾಗಿಸುವ ರುಮಟಾಯ್ಡ್ ಸಂಧಿವಾತ, ಚರ್ಮದಿಂದ ಮೂತ್ರಪಿಂಡದವರೆಗೆ ಎಲ್ಲವನ್ನೂ ಬಾಧಿಸುವ ಲೂಪಸ್, ಎಳೆಯ ಮಕ್ಕಳನ್ನು ಇನ್ಸುಲಿನ್ ಚುಚ್ಚುಮದ್ದಿಗೆ ಕಟ್ಟಿಹಾಕುವ ಮೊದಲನೆಯ ಬಗೆಯ ಮಧುಮೇಹ, ಥೈರಾಯ್ಡ್ ಗ್ರಂಥಿ ಸೊರಗುವ ಕಾಯಿಲೆ ಇವೆಲ್ಲವೂ ಈ ಕುಟುಂಬಕ್ಕೆ ಸೇರಿದವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಇಂದು ನಮ್ಮ ನಡುವೆ ಎಷ್ಟು ಜನ!

ಆದರೆ ಇಂಥ ರೋಗಗಳಿವೆ ಎಂಬುದನ್ನು ವೈದ್ಯಲೋಕ ಮನಸಾರೆ ಒಪ್ಪಿಕೊಂಡದ್ದು 1950ರ ದಶಕದ ನಂತರವೇ. ಅದಕ್ಕೂ ಹಿಂದಿನ ಅರ್ಧ ಶತಮಾನದ ಕಾಲ, ದೇಹವು ತನ್ನನ್ನೇ ಹೊಡೆದುಕೊಳ್ಳಲಾರದು ಎಂಬುದೇ ಬಹುಪಾಲು ವಿದ್ವಾಂಸರ ನಂಬಿಕೆಯಾಗಿತ್ತು. ಆ ನಂಬಿಕೆಯ ಬೇರನ್ನು ಹುಡುಕುತ್ತ ಹೋದರೆ ಮಹಾವಿಜ್ಞಾನಿಯೊಬ್ಬನು ಬಳಸಿದ ಎರಡು ಲ್ಯಾಟಿನ್ ಪದಗಳ ಬಳಿಗೆ ಬಂದು ನಿಲ್ಲುತ್ತೇವೆ.

ಆತನ ಹೆಸರು ಪೌಲ್ ಎರ್ಲಿಕ್. 1900ರ ಆಸುಪಾಸಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಆತ ತನ್ನ ಸಹೋದ್ಯೋಗಿ ಮಾರ್ಗನ್‌ರಾಥ್‌ನೊಂದಿಗೆ ಆಡುಗಳ ಮೇಲೆ ಒಂದು ಪ್ರಯೋಗ ಮಾಡಿದನು. ಒಂದು ಆಡಿನ ದೇಹಕ್ಕೆ ಬೇರೆ ಆಡುಗಳ ರಕ್ತವನ್ನು ಚುಚ್ಚಿದಾಗ, ಅದನ್ನು ಪಡೆದ ಆಡಿನಲ್ಲಿ ಪ್ರತಿಕಾಯಗಳು ಹುಟ್ಟಿಕೊಂಡವು. ಅವು ಬೇರೆ ಆಡುಗಳ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತಿದ್ದವು, ತಮ್ಮ ಒಡೆಯನ ರಕ್ತಕಣಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಈ ವಿವೇಚನೆಗೆ ಬೆರಗಾದ ಎರ್ಲಿಕ್ ಅದಕ್ಕೆ 'ಹಾರರ್ ಆಟೊಟಾಕ್ಸಿಕಸ್' ಎಂದು ಹೆಸರಿಟ್ಟನು. ತನಗೆ ತಾನೇ ವಿಷವಾಗುವ ಭಯ ಎಂದು ಅದನ್ನು ಕನ್ನಡಿಸಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಂದಿನ ತಲೆಮಾರಿನವರು ಎರ್ಲಿಕ್‌ನಿಗೆ ಅನ್ಯಾಯ ಮಾಡಿದರು. ದೇಹವು ತನ್ನ ವಿರುದ್ಧವೇ ಪ್ರತಿಕಾಯಗಳನ್ನು ಎಂದಿಗೂ ಉಂಟುಮಾಡದು ಎಂದು ಆತ ಸಾರಿರಲಿಲ್ಲ. ಎಲ್ಲ ಬಗೆಯ ಜೀವಕೋಶಗಳ ವಿರುದ್ಧವೂ ಸುಲಭವಾಗಿ ಏಳಬಲ್ಲ ಈ ಶಕ್ತಿಯು ಸ್ವಂತ ದೇಹದ ಮೇಲೆ ಎರಗದಂತೆ ತಡೆಯುವ ಯಾವುದೋ ಏರ್ಪಾಡು ಒಳಗೆ ಇರಲೇಬೇಕು ಎಂಬುದು ಆತನ ತರ್ಕ. ಹಾಗಿದ್ದರೆ ಆ ಏರ್ಪಾಡು ಕೆಟ್ಟರೆ ಏನಾದೀತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆದರೆ ಓದಿದವರಲ್ಲಿ ಹೆಚ್ಚಿನವರು ಪ್ರಶ್ನೆಯನ್ನು ಕೈಬಿಟ್ಟು ಹೆಸರನ್ನಷ್ಟೇ ಹಿಡಿದುಕೊಂಡರು. ಭಯ ಎಂಬುದು ಕ್ರಮೇಣ ಅಸಾಧ್ಯ ಎಂದಾಯಿತು.

ಸಾಕ್ಷಿ ಇರಲಿಲ್ಲವೆಂದೇನೂ ಅಲ್ಲ. 1904ರಲ್ಲೇ ವಿಯೆನ್ನಾದಲ್ಲಿ ಜೂಲಿಯಸ್ ಡೊನಾಥ್ ಮತ್ತು ಕಾರ್ಲ್ ಲ್ಯಾಂಡ್‌ಸ್ಟೈನರ್ ಒಂದು ವಿಚಿತ್ರ ಕಾಯಿಲೆಯ ಗುಟ್ಟನ್ನು ಬಿಡಿಸಿದ್ದರು. ಈ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿದು, ಮುಂದೆ 1930ರಲ್ಲಿ ಅದಕ್ಕಾಗಿ ನೊಬೆಲ್ ಪಡೆದ ವಿಜ್ಞಾನಿ. ಆ ಕಾಯಿಲೆಯವರು ಚಳಿಗೆ ಮೈಯೊಡ್ಡಿ ಬಂದ ಸ್ವಲ್ಪ ಹೊತ್ತಿಗೆ ಅವರ ಮೂತ್ರ ಕಪ್ಪುಗೆಂಪಾಗುತ್ತಿತ್ತು. ರೋಗಿಯ ರಕ್ತವನ್ನು ಮಂಜುಗಡ್ಡೆಯಲ್ಲಿ ತಣಿಸಿ ಮತ್ತೆ ಮೈಯ ಬಿಸಿಗೆ ತಂದಾಗ, ಅದೇ ಕೆಂಪು ಕಣಗಳ ಒಡೆತವು ಗಾಜಿನ ನಳಿಗೆಯೊಳಗೂ ಕಂಡುಬಂದಿತು. ತಂಪಿನಲ್ಲಿ ರೋಗಿಯ ಸ್ವಂತ ಪ್ರತಿಕಾಯವು ಆತನದೇ ರಕ್ತಕಣಕ್ಕೆ ಅಂಟಿಕೊಳ್ಳುತ್ತಿತ್ತು, ಬಿಸಿಯಾದೊಡನೆ ಕಣ ಒಡೆಯುತ್ತಿತ್ತು. ಬೇಲಿ ಹೊಲ ಮೇಯುವುದನ್ನು ಕಣ್ಣಾರೆ ತೋರಿಸಿದ ಪರೀಕ್ಷೆಯಿದು. ಆದರೂ ಇದನ್ನು ಒಂದು ಅಪರೂಪದ ವಿನಾಯಿತಿಯೆಂದು ಬದಿಗಿರಿಸಲಾಯಿತು. 1912ರಲ್ಲಿ ಜಪಾನಿನ ಹಕಾರು ಹಷಿಮೊಟೊ ಎಂಬ ಶಸ್ತ್ರವೈದ್ಯ, ನಾಲ್ವರು ಸ್ತ್ರೀಯರ ಊದಿದ ಥೈರಾಯ್ಡ್ ಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ದಟ್ಟವಾಗಿ ತುಂಬಿಕೊಂಡಿರುವುದನ್ನು ವಿವರಿಸಿ ಬರೆದನು. ಅವು ಅಲ್ಲೇಕೆ ಬಂದು ನೆರೆದಿದ್ದವೆಂಬುದು ತಿಳಿಯಲು ಮತ್ತೆ ನಲವತ್ತನಾಲ್ಕು ವರ್ಷ ಕಾಯಬೇಕಾಯಿತು.

ಆ ಅರಿವು ಬಂದ ಬಗೆಯಲ್ಲಿ ಇತಿಹಾಸದ ಒಂದು ವಿನೋದವಿದೆ. ಅರ್ನೆಸ್ಟ್ ವಿಟೆಬ್‌ಸ್ಕಿ ಎರ್ಲಿಕ್‌ನ ಶಿಷ್ಯಪರಂಪರೆಗೆ ಸೇರಿದವನು. ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ತೊರೆದು ಅಮೆರಿಕದ ಬಫಲೊ ನಗರ ಸೇರಿದ್ದ ಈ ಯೆಹೂದಿ ವಿದ್ವಾಂಸನಿಗೆ ಗುರುಪರಂಪರೆಯ ಆ ಎರಡು ಪದಗಳು ಸಿದ್ಧಾಂತವೇ ಆಗಿದ್ದವು. ಆತನ ಪ್ರಯೋಗಾಲಯಕ್ಕೆ ಬಂದ ತರುಣ ನೋಯಲ್ ರೋಸ್, ಮೊಲದ ಥೈರಾಯ್ಡ್ ಸಾರವನ್ನು ಮೊಲಗಳಿಗೇ ಚುಚ್ಚಿ ನೋಡಿದಾಗ ಅವುಗಳಲ್ಲಿ ಪ್ರತಿಕಾಯಗಳು ಮೂಡಿದವು. ಮೊಲವೊಂದರ ಗ್ರಂಥಿಯ ಅರ್ಧವನ್ನು ತೆಗೆದು, ಅದರ ಸಾರವನ್ನು ಅದೇ ಮೊಲಕ್ಕೆ ಕೊಟ್ಟಾಗಲೂ ಹಾಗೆಯೇ ಆಯಿತು. ಉಳಿದರ್ಧ ಗ್ರಂಥಿಯಲ್ಲಿ ಹಷಿಮೊಟೊ ಕಂಡಿದ್ದಂಥದೇ ಉರಿಯೂತ ಎದ್ದಿತು. ಪ್ರಯೋಗಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ 1956ರಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ತಾನು ನಂಬಿ ಬೆಳೆದ ಮಾತಿಗೆ ತನ್ನ ಕೈಯಿಂದಲೇ ತಿದ್ದುಪಡಿ ಬರೆದ ವಿಟೆಬ್‌ಸ್ಕಿಯ ಪ್ರಾಮಾಣಿಕತೆಗೆ ತಲೆಬಾಗಲೇಬೇಕು. ಅದೇ ವರ್ಷ ಲಂಡನ್ನಿನಲ್ಲಿ ಐವನ್ ರಾಯಿಟ್, ಡೆಬೊರಾ ಡೊನಿಯಾಕ್ ಮತ್ತು ಅವರ ಸಂಗಡಿಗರು ಹಷಿಮೊಟೊ ಕಾಯಿಲೆಯವರ ರಕ್ತದಲ್ಲಿಯೇ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ತೋರಿಸಿಕೊಟ್ಟರು. ಬಾಗಿಲು ತೆರೆಯಿತು.

ಇನ್ನು ಉಳಿದದ್ದು ಎರ್ಲಿಕ್‌ನ ಹಳೆಯ ಪ್ರಶ್ನೆ. ತಡೆಯುವ ಆ ಏರ್ಪಾಡು ಯಾವುದು? ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಕೊಟ್ಟ ಉತ್ತರ ಸರಳವಾಗಿತ್ತು: ತನ್ನನ್ನೇ ಹೊಡೆಯಬಲ್ಲ ಕಣಗಳನ್ನು ದೇಹವು ಎಳವೆಯಲ್ಲಿಯೇ ಅಳಿಸಿಹಾಕುತ್ತದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಮಹತ್ವವನ್ನು 1961ರಲ್ಲಿ ಜಾಕ್ವೆಸ್ ಮಿಲ್ಲರ್ ಕಂಡುಹಿಡಿದ ಮೇಲೆ, ಈ ಅಳಿಸುವ ಕೆಲಸ ಬಹುಮಟ್ಟಿಗೆ ಅಲ್ಲಿಯೇ ನಡೆಯುತ್ತದೆಂಬುದು ಕ್ರಮೇಣ ಸ್ಪಷ್ಟವಾಯಿತು. ಉತ್ತರ ಸರಿ, ಆದರೆ ಅಪೂರ್ಣ. ಏಕೆಂದರೆ ಸ್ವಂತ ದೇಹವನ್ನು ಹೊಡೆಯಬಲ್ಲ ಕಣಗಳು ಆರೋಗ್ಯವಂತರಲ್ಲಿಯೂ ಅಷ್ಟಿಷ್ಟು ಉಳಿದೇ ಇರುತ್ತವೆ. ಅವನ್ನು ಸುಮ್ಮನಿರಿಸಿರುವವರು ಯಾರು?

ಈ ಪ್ರಶ್ನೆಗೆ ಸುಳಿವು ಸಿಕ್ಕಿದ್ದು ಜಪಾನಿನಲ್ಲಿ. 1969ರಲ್ಲಿ ನಿಷಿಜುಕ ಮತ್ತು ಸಕಾಕುರ ಎಂಬ ಇಬ್ಬರು, ಹುಟ್ಟಿ ಮೂರು ದಿನಗಳಾದ ಇಲಿಮರಿಗಳ ಥೈಮಸ್ ಗ್ರಂಥಿಯನ್ನು ತೆಗೆದಾಗ ಅವುಗಳ ಅಂಡಾಶಯಗಳು ನಾಶವಾದುದನ್ನು ಕಂಡರು. ರೋಗನಿರೋಧಕ ಕಣಗಳ ತೊಟ್ಟಿಲನ್ನೇ ಕಿತ್ತರೆ ವ್ಯವಸ್ಥೆ ದುರ್ಬಲವಾಗಬೇಕಿತ್ತು. ಇಲ್ಲಿ ಅದು ಕಟ್ಟು ಹರಿದುಕೊಂಡಿತ್ತು! ಈ ಒಗಟಿನ ಬೆನ್ನು ಹತ್ತಿದವನು ಶಿಮೊನ್ ಸಕಾಗುಚಿ. ಆರೋಗ್ಯವಂತ ಇಲಿಗಳ ಟಿ-ಕಣಗಳನ್ನು ಆ ಮರಿಗಳಿಗೆ ಚುಚ್ಚಿದರೆ ರೋಗ ತಪ್ಪುತ್ತದೆಂದು ಆತ ತೋರಿಸಿದನು. ಹಾಗಾದರೆ ಆ ಕಣಗಳ ನಡುವೆ ಹೊಡೆಯುವವರಷ್ಟೇ ಅಲ್ಲ, ಹೊಡೆಯುವವರನ್ನು ತಡೆಯುವವರೂ ಇರಬೇಕು.

ಕಾಲ ಮಾತ್ರ ಅನುಕೂಲವಾಗಿರಲಿಲ್ಲ. ಇಂಥ ದಮನಕಾರಿ ಕಣಗಳ ಕುರಿತು 1970ರ ದಶಕದಲ್ಲಿ ಬೇಕಾದಷ್ಟು ಬರೆಯಲಾಗಿತ್ತು. ಅವುಗಳ ಗುರುತೆಂದು ಹೇಳಲಾದ ಜೀನ್, ಇರಬೇಕಾದ ಜಾಗದಲ್ಲಿ ಇಲ್ಲವೇ ಇಲ್ಲವೆಂದು 1980ರ ದಶಕದಲ್ಲಿ ತಿಳಿದಾಗ ಇಡೀ ವಿಷಯವೇ ನಗೆಪಾಟಲಾಯಿತು. ಹೆಸರೆತ್ತಲೂ ಜನ ಹಿಂಜರಿಯುತ್ತಿದ್ದ ಆ ವರ್ಷಗಳಲ್ಲಿ ಸಕಾಗುಚಿ ಕೆಲಸ ಬಿಡಲಿಲ್ಲ. 1995ರಲ್ಲಿ ಆತ ಕಾವಲಿನ ಕಣಗಳನ್ನು ಮೇಲ್ಮೈಯ ಗುರುತೊಂದರಿಂದ ಬೇರ್ಪಡಿಸಿ ತೋರಿಸಿದನು.

ಕೊನೆಯ ಕೊಂಡಿ ಅಮೆರಿಕದ ಓಕ್ ರಿಡ್ಜ್‌ನಿಂದ ಬಂದಿತು. ಅಣುಬಾಂಬಿನ ಯೋಜನೆಗಾಗಿ ಕಟ್ಟಿದ ಆ ಊರಿನಲ್ಲಿ, ವಿಕಿರಣದ ಪರಿಣಾಮವನ್ನು ಅರಿಯಲು ಇಲಿಗಳನ್ನು ಸಾಕುತ್ತಿದ್ದರು. ಅಲ್ಲಿ 1949ರಲ್ಲಿ ಮೈಯೆಲ್ಲ ಹೊಪ್ಪಳೆಯೆದ್ದ ಗಂಡುಮರಿಗಳು ತಾವಾಗಿಯೇ ಹುಟ್ಟಿದವು. ಕೆಲವೇ ವಾರ ಬದುಕುತ್ತಿದ್ದ ಅವುಗಳಿಗೆ 'ಸ್ಕರ್ಫಿ' ಎಂದು ಹೆಸರಾಯಿತು. ಅವುಗಳ ದೋಷವನ್ನು ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ವರ್ಷಗಟ್ಟಲೆ ಹುಡುಕಿದರು. ಸಂದೇಹದ ಪಟ್ಟಿಯಲ್ಲಿದ್ದ ಇಪ್ಪತ್ತು ಜೀನ್‌ಗಳಲ್ಲಿ ಕಟ್ಟಕಡೆಯದೇ ಅಪರಾಧಿಯಾಗಿತ್ತು. 2001ರಲ್ಲಿ ಫಾಕ್ಸ್‌ಪಿ3 ಎಂದು ಹೆಸರಾದ ಆ ಜೀನ್ ಕೆಟ್ಟ ಗಂಡುಮಕ್ಕಳಲ್ಲಿಯೂ ಅಂಥದೇ ಭೀಕರ ರೋಗ ಬರುವುದು ಗೊತ್ತಾಯಿತು. ಕರುಳು, ಮೇದೋಜ್ಜೀರಕ, ಚರ್ಮ ಎಲ್ಲವೂ ಶೈಶವದಲ್ಲಿಯೇ ದಾಳಿಗೆ ಸಿಕ್ಕುತ್ತಿದ್ದವು. ಎರಡು ವರ್ಷಗಳ ಬಳಿಕ, ಸಕಾಗುಚಿಯ ಕಾವಲುಗಾರ ಕಣಗಳನ್ನು ರೂಪಿಸುವುದು ಇದೇ ಜೀನ್ ಎಂದು ಸಿದ್ಧವಾಯಿತು. ಈ ಮೂವರಿಗೂ 2025ರ ನೊಬೆಲ್ ಪ್ರಶಸ್ತಿ ಸಂದಿತು. ಎರ್ಲಿಕ್ ಊಹಿಸಿದ್ದ ಏರ್ಪಾಡಿನ ಒಂದು ಮುಖ್ಯ ಭಾಗಕ್ಕೆ ಒಂದು ಶತಮಾನದ ಮೇಲೆ ಹೆಸರು ದೊರೆತಿತ್ತು.

ಹೆಚ್ಚಿನ ರೋಗಿಗಳಲ್ಲಿ ಈ ಕಾವಲು ಏಕೆ ಸಡಿಲುತ್ತದೆಂಬುದಕ್ಕೆ ಒಂದೇ ಉತ್ತರವಿಲ್ಲ. ವಂಶವಾಹಿಗಳ ಪಾಲಿದೆ. ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರೆಂಬುದೂ ಯೋಚಿಸಬೇಕಾದದ್ದು. ಸೋಂಕುಗಳ ಪಾಲಂತೂ ನಿಸ್ಸಂದೇಹ. ನಮ್ಮ ದೇಶದ ಬಡ ಮಕ್ಕಳನ್ನು ಇಂದಿಗೂ ಕಾಡುವ ರುಮ್ಯಾಟಿಕ್ ಜ್ವರದಲ್ಲಿ, ಗಂಟಲಿನ ಸ್ಟ್ರೆಪ್ಟೊಕಾಕಸ್ ರೋಗಾಣುವನ್ನು ಹೊಡೆಯಲೆಂದು ಎದ್ದ ಪಡೆ, ಅದರ ಹೋಲಿಕೆಯುಳ್ಳ ಹೃದಯದ ಅಂಗಾಂಶವನ್ನೇ ಹೊಡೆದು ಕವಾಟಗಳನ್ನು ಹಾಳುಮಾಡುತ್ತದೆ. ಅಮೆರಿಕದ ಸೇನೆಯ ಒಂದು ಕೋಟಿಗೂ ಮಿಕ್ಕಿದ ಜನರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದ ಅಪಾಯ ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಮೂವತ್ತೆರಡು ಪಟ್ಟು ಹೆಚ್ಚುವುದನ್ನು ತೋರಿಸಿತು. ಆದರೂ ಆ ವೈರಸ್ ತಗುಲಿದವರಲ್ಲಿ ಬಹುತೇಕರಿಗೆ ಆ ರೋಗ ಬರುವುದೇ ಇಲ್ಲ.

ಚಿಕಿತ್ಸೆಯಲ್ಲಿ ಇತ್ತೀಚೆಗೆ ಗುರಿಯಿಟ್ಟು ತಡೆಯುವ ಔಷಧಗಳು ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವೂ, 1948ರಲ್ಲಿ ಬಳಕೆಗೆ ಬಂದ ಕಾರ್ಟಿಸೋನ್ ವಂಶದ ಔಷಧಗಳೂ ಬೇಲಿಯನ್ನೇ ತಗ್ಗಿಸಿ ಹೊಲ ಉಳಿಸುವಂಥವು. ಬೇಲಿ ತಗ್ಗಿದಾಗ ಹೊರಗಿನ ದನ ನುಗ್ಗುವ ಭಯ, ಎಂದರೆ ಸೋಂಕಿನ ಭಯ, ರೋಗಿಯ ಜೊತೆಗೇ ಇರುತ್ತದೆ. ಕಾವಲುಗಾರ ಕಣಗಳನ್ನೇ ರೋಗಿಯ ದೇಹದಿಂದ ತೆಗೆದು, ಬೆಳೆಸಿ, ಮರಳಿ ಕೊಡುವ ಪ್ರಯೋಗಗಳು ಈಗ ಹಲವು ದೇಶಗಳಲ್ಲಿ ನಡೆಯುತ್ತಿವೆ.